ಸಹಾಯ ಬೇಕು: ಹೆಂಡತಿಯ ಉದ್ಯೋಗ, ಗಂಡನ ಆತ್ಮಗೌರವ

ಎಲ್ಲರಿಗೂ ನಮಸ್ಕಾರ. ಮನಃಶಾಸ್ತ್ರದ ಸ್ನಾತಕೋತ್ತರ ಪ್ರಬಂಧಕ್ಕಾಗಿ ಉದ್ಯೋಗಸ್ಥೆಯರ ಗಂಡಂದಿರನ್ನೂ ಗೃಹಿಣಿಯರ ಗಂಡಂದಿರನ್ನೂ ಹೋಲಿಸಲು ಹೊರಟಿದ್ದೇನೆ. ದಾಂಪತ್ಯ ಹೊಂದಾಣಿಕೆಗೆ ಸ್ಪೇನಿಯರ್ 1976ರಲ್ಲಿ ರೂಪಿಸಿದ 32 ಪ್ರಶ್ನೆಗಳ ಮಾಪನ, ಆತ್ಮಗೌರವಕ್ಕೆ ರೋಸೆನ್‌ಬರ್ಗ್ ಅವರ 1965ರ ಮಾಪನ, ಇಷ್ಟು ನಿರ್ಧಾರವಾಗಿದೆ.

ತೊಡಕು ಗುಂಪು ಮಾಡುವಲ್ಲಿದೆ. ಹೆಂಡತಿ ಇಷ್ಟಪಟ್ಟು ದುಡಿಯುತ್ತಾಳೋ, ಮನೆ ನಡೆಯಬೇಕೆಂದು ದುಡಿಯುತ್ತಾಳೋ? ಆಕೆಯ ಸಂಬಳ ಅವನದಕ್ಕಿಂತ ಹೆಚ್ಚೋ? ಮಕ್ಕಳು ಎಷ್ಟು ಚಿಕ್ಕವರು, ಮನೆಗೆಲಸ ಯಾರ ಪಾಲಿಗೆ? ‘ಉದ್ಯೋಗ ಇದೆ, ಇಲ್ಲ’ ಎಂಬ ಒಂದೇ ಗೆರೆ ಇವೆಲ್ಲವನ್ನೂ ನುಂಗಿಬಿಡುತ್ತದೆ. ವ್ಯತ್ಯಾಸ ಕಂಡರೂ ಕಾರಣ ಯಾವುದು, ಪರಿಣಾಮ ಯಾವುದು? ತನ್ನ ಬಗ್ಗೆ ಅಳುಕಿಲ್ಲದ ಗಂಡನಿರುವ ಮನೆಯಲ್ಲೇ ಹೆಂಡತಿ ಕೆಲಸಕ್ಕೆ ಹೋಗುವುದು ಸುಲಭವಾಗಿರಬಹುದಲ್ಲವೇ? ಮಾರ್ಗದರ್ಶಕರು ‘ಟಿ ಪರೀಕ್ಷೆ ಮಾಡಿ ಮುಗಿಸಿ’ ಎನ್ನುತ್ತಾರೆ, ಅಂದರೆ ಎರಡು ಗುಂಪುಗಳ ಸರಾಸರಿಯನ್ನಷ್ಟೇ ಹೋಲಿಸುವುದು. ನನಗೆ ಮನಸ್ಸೊಪ್ಪುತ್ತಿಲ್ಲ. ಆದಾಯ, ಮದುವೆಯಾಗಿ ಕಳೆದ ವರ್ಷಗಳು, ಹೆಂಡತಿಯ ಉದ್ಯೋಗದ ಬಗ್ಗೆ ಗಂಡನ ಮನೋಭಾವ, ಇವನ್ನೂ ಸೇರಿಸಿ ಹಿಂಚಲನೆ ವಿಶ್ಲೇಷಣೆ (ರಿಗ್ರೆಶನ್; ಹಲವು ಅಂಶಗಳನ್ನು ಒಟ್ಟಿಗೆ ಇಟ್ಟು ಒಂದೊಂದರ ಸಂಬಂಧವನ್ನು ಅಳೆಯುವ ಲೆಕ್ಕ) ಮಾಡಲು ಎಷ್ಟು ಮಂದಿ ಬೇಕಾಗಬಹುದು?

ಇನ್ನೊಂದು ವಿಷಯ. ರೋಸೆನ್‌ಬರ್ಗ್ ಮಾಪನದ ಹತ್ತು ಹೇಳಿಕೆಗಳಲ್ಲಿ ಐದು ನಕಾರಾತ್ಮಕ; ಅವುಗಳ ಅಂಕವನ್ನು ತಿರುಗಿಸಬೇಕು. ನನ್ನ ಕನ್ನಡ ಅನುವಾದದಲ್ಲಿ ಅವೇ ಗೊಂದಲವೆಬ್ಬಿಸುತ್ತಿವೆ. ಪರೀಕ್ಷಿತ ಕನ್ನಡ ರೂಪ ಯಾರಲ್ಲಾದರೂ ಇದೆಯೇ? ಇಲ್ಲವಾದರೆ ನನ್ನದನ್ನು ಮರಳಿ ಇಂಗ್ಲಿಷಿಗೆ ಅನುವಾದಿಸಿ ಕೊಡುವವರು ಬೇಕು, ಮೂಲ ನೋಡಿರದವರಾದರೆ ಒಳ್ಳೆಯದು.

(ಪ್ರಾಯೋಗಿಕ ಸುತ್ತಿನಲ್ಲಿ ಒಬ್ಬರು ಪ್ರತಿ ಉತ್ತರಕ್ಕೂ ಪಕ್ಕದಲ್ಲಿದ್ದ ಹೆಂಡತಿಯ ಮುಖ ನೋಡಿದರು. ಇನ್ನು ಮುಂದೆ ಗಂಡಂದಿರನ್ನು ಬೇರೆ ಕೋಣೆಯಲ್ಲೇ ಕೂರಿಸುತ್ತೇನೆ.)