ಗುಹೆ ಕರಡಿಯ ಕೋರೆಹಲ್ಲು ಕೊಳ್ಳಬಹುದಾ? ಪಳೆಯುಳಿಕೆ ಕೆಲಸದವರನ್ನು ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರುವುದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಹೋದ ವಾರ ಮಗನನ್ನು ಕರೆದುಕೊಂಡು ಕಲ್ಲು-ಖನಿಜಗಳ ಸಂತೆಗೆ ಹೋಗಿದ್ದೆ. ಒಂದು ಮೇಜಿನ ತುಂಬಾ ಗುಹೆ ಕರಡಿಯ ಕೋರೆಹಲ್ಲುಗಳ ರಾಶಿ ಇತ್ತು. ಚೀಟಿಯಲ್ಲಿ ‘ಯುರೋಪ್, ಹಿಮಯುಗ’ ಅಂತ ಅಷ್ಟೇ. ಮಗನಿಗೆ ಒಂಬತ್ತು ವರ್ಷ, ಕೈಯಲ್ಲಿ ಹಿಡಿದ ಹಲ್ಲನ್ನು ಬಿಡಲೇ ಇಲ್ಲ. ಅಷ್ಟು ಹಳೆಯ ವಸ್ತು ಅಷ್ಟೊಂದು ಸಿಗೋಕೆ ಸಾಧ್ಯವಾ? ಮುಂದಿನ ವಾರವೂ ಸಂತೆ ಇದೆ, ಕೊಳ್ಳಬಹುದಾ?

ಉತ್ತರ: ನಮಸ್ಕಾರ. ಹದಿನೇಳು ವರ್ಷದಿಂದ ಇಂಥ ಮೂಳೆಗಳನ್ನು ತೊಳೆದು, ಅಂಟಿಸಿ, ಜೋಡಿಸುವುದೇ ನನ್ನ ಕೆಲಸ. ಮೊದಲು ಆ ರಾಶಿಯ ವಿಷಯ ಹೇಳುತ್ತೇನೆ.

ಅಷ್ಟು ಸಿಗುವುದು ಸಾಧ್ಯ. ಗುಹೆ ಕರಡಿ ಅಂದರೆ ಹಿಮಯುಗದಲ್ಲಿ ಯುರೋಪಿನಲ್ಲಿದ್ದು ಈಗ ಅಳಿದುಹೋದ ದೊಡ್ಡ ಕರಡಿ. ಅದು ಚಳಿಗಾಲವಿಡೀ ಗುಹೆಯೊಳಗೆ ಮಲಗುತ್ತಿತ್ತು. ಬೇಸಿಗೆಯಲ್ಲಿ ಸರಿಯಾಗಿ ಮೇಯದೆ ಮೈಗೆ ಕೊಬ್ಬು ಹತ್ತದಿದ್ದರೆ ಮಲಗಿದ್ದು ಏಳುತ್ತಿರಲಿಲ್ಲ. ಮುದಿ ಕರಡಿಗಳು ಮತ್ತು ಮರಿಗಳೇ ಜಾಸ್ತಿ ಹೀಗೆ ಸಾಯುತ್ತಿದ್ದವು. ಒಂದು ಗುಹೆಯಲ್ಲಿ ಎರಡು ವರ್ಷಕ್ಕೊಂದು ಸತ್ತರೂ ಹತ್ತು ಸಾವಿರ ವರ್ಷಕ್ಕೆ 5,000 ಕರಡಿ ಆಯಿತು, ಅಲ್ವಾ? ಆಸ್ಟ್ರಿಯಾದ ಮಿಕ್ಸ್‌ನಿಟ್ಸ್ ಊರಿನ ಹತ್ತಿರ ಡ್ರಾಗನ್ ಗುಹೆ ಅಂತ ಒಂದಿದೆ. ಅಲ್ಲಿ ಎಷ್ಟು ಮೂಳೆ ತುಂಬಿತ್ತೆಂದರೆ, ಮೊದಲ ಮಹಾಯುದ್ಧ ಮುಗಿದ ಮೇಲೆ ಗುಹೆಯ ಮಣ್ಣನ್ನೇ ಅಗೆದು ಹೊಲಕ್ಕೆ ಗೊಬ್ಬರ ಮಾಡಿದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಇನ್ನು ಅಸಲಿಯಾ ಅನ್ನುವುದು. ಕೋರೆಹಲ್ಲಿನಲ್ಲಿ ಹೊಳಪಿನ ಎನಾಮೆಲ್ ಇರುವುದು ತುದಿಯ ಭಾಗಕ್ಕೆ ಮಾತ್ರ. ಉಳಿದ ಹೆಚ್ಚಿನ ಭಾಗ ಬೇರು, ದವಡೆಯೊಳಗೆ ಹುದುಗಿರುವುದು. ಭೂತಗನ್ನಡಿ ಇಟ್ಟು ಎರಡೂ ಸೇರುವ ಗೆರೆ ನೋಡಿ. ಅಸಲಿಯಲ್ಲಿ ಅದು ಎದ್ದು ಕಾಣುತ್ತದೆ, ಬೇರಿನ ಮೇಲೆ ಉದ್ದಕ್ಕೆ ಕೂದಲೆಳೆಯಂಥ ಬಿರುಕು ಇರುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದ ಹಲ್ಲಿಗೆ ಎಲ್ಲಾ ಕಡೆ ಒಂದೇ ಹೊಳಪು, ಅಲ್ಲಲ್ಲಿ ಗುಂಡು ಗಾಳಿಗುಳ್ಳೆ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಬಿಟ್ಟರೆ ಅಂಟು, ತೇಪೆ ಹಾಕಿದ ಜಾಗ ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ನಾಲಿಗೆಗೆ ಅಂಟಿದರೆ ಅಸಲಿ ಅನ್ನುವ ಮಾತು ನಂಬಬೇಡಿ. ಪ್ಲಾಸ್ಟರ್ ಕೂಡ ಅಂಟುತ್ತದೆ. ಒಂಟಿ ಹಲ್ಲುಗಳಲ್ಲಿ ಮೋಸ ಕಮ್ಮಿ. ತಲೆಬುರುಡೆಗಳಲ್ಲಿ ಜಾಸ್ತಿ: ಒಂದು ಕರಡಿಯ ಬುರುಡೆ, ಇನ್ನೊಂದರ ದವಡೆ, ಮೂರನೆಯದರ ಹಲ್ಲು.

ಆದರೆ ನೀವು ಕೇಳದೆ ಬಿಟ್ಟ ಪ್ರಶ್ನೆಯೇ ನನಗೆ ಮುಖ್ಯ. ಆ ಹಲ್ಲು ಯಾವ ಗುಹೆಯದು? ‘ಯುರೋಪ್’ ಅನ್ನುವುದು ವಿಳಾಸವಲ್ಲ. ಇಂಥ ಗುಹೆ, ಇಂಥ ಪದರ, ಇಷ್ಟು ಆಳ ಅಂತ ಗೊತ್ತಿದ್ದರೆ ಒಂದು ಹಲ್ಲಿನಿಂದ ಆ ಕರಡಿ ಯಾವಾಗ ಬದುಕಿತ್ತು, ಏನು ತಿನ್ನುತ್ತಿತ್ತು, ಯಾರ ಸಂಬಂಧಿ ಅಂತ ಹೇಳಬಹುದು. ಬಹುಪಾಲು ಸೊಪ್ಪು ಸದೆ ತಿನ್ನುತ್ತಿದ್ದ ಪ್ರಾಣಿ ಅಂತ ಗೊತ್ತಾಗಿದ್ದೂ, ಇಂದಿನ ಕಂದು ಕರಡಿಯ ಮೈಯಲ್ಲಿ ಗುಹೆ ಕರಡಿಯ ಡಿಎನ್ಎ ಸ್ವಲ್ಪ ಉಳಿದಿದೆ ಅಂತ 2018ರಲ್ಲಿ ತಿಳಿದದ್ದೂ ಜಾಗದ ಲೆಕ್ಕ ಇಟ್ಟ ಮೂಳೆಗಳಿಂದಲೇ. ಜಾಗ ಗೊತ್ತಿಲ್ಲದ ಹಲ್ಲು ಸುಮ್ನೆ ಚೆಂದದ ವಸ್ತು.

ಕಾನೂನೂ ಅಲ್ಲೇ ಬರುತ್ತದೆ. ಉದಾಹರಣೆಗೆ, ರೊಮೇನಿಯಾದಲ್ಲಿ ಗುಹೆಗಳಿಗೆ ಕಾನೂನಿನ ರಕ್ಷಣೆ ಇದೆ. ಆದರೂ ರಾತ್ರೋರಾತ್ರಿ ಅಗೆದು ಹಲ್ಲು ಕಿತ್ತು ಮಾರುವವರಿದ್ದಾರೆ. ಒಂದು ಹಲ್ಲಿಗಾಗಿ ಇಡೀ ದವಡೆ ಒಡೆದು ಎಸೆದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಮಾರುವವರ ಹತ್ತಿರ ಗುಹೆಯ ಹೆಸರು, ಅಗೆದ ವರ್ಷ, ಅನುಮತಿ ಕಾಗದ ಕೇಳಿ. ಇಲ್ಲ ಅಂದರೆ ಕೊಳ್ಳಬೇಡಿ.

ಇನ್ನೊಬ್ಬ ಸದಸ್ಯರು: ಮೇಡಂ, ನಾನು ಹೊಸಪೇಟೆಯವನು. ದರೋಜಿ ಕರಡಿಧಾಮ ನಮಗೆ ಹತ್ತಿರ. ನಮ್ಮ ಕಡೆ ಗುಹೆ ಕರಡಿ ಇರಲಿಲ್ವಾ?

ಉತ್ತರ: ಇಲ್ಲ ಸರ್, ಅದು ಭಾರತದ ಪ್ರಾಣಿಯಲ್ಲ. ಆದರೆ ನಿಮ್ಮ ದರೋಜಿ ಕರಡಿಯ ವಂಶದ ಹಳೆಯ ಗುರುತು ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕಿದೆ. ಅಲ್ಲಿ ಸಿಕ್ಕ ಒಂದು ಬುರುಡೆ ನಮ್ಮ ಕರಡಿಗೂ ಕಂದು ಕರಡಿಯ ಪೂರ್ವಜರಿಗೂ ನಡುವಿನದು ಅಂತ ಕೆಲವು ತಜ್ಞರ ಅಭಿಪ್ರಾಯ. ಒಂದು ಎಚ್ಚರಿಕೆ: ನಮ್ಮ ಕಡೆ ಯಾರಾದರೂ ‘ಹಳೇ ಕರಡಿ ಹಲ್ಲು’ ಅಂತ ತಂದರೆ ಮುಟ್ಟಬೇಡಿ. ಅದು ಈಗಿನ ಕರಡಿಯದೇ ಆಗಿರಬಹುದು. ನಮ್ಮ ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅಂದರೆ ಅದಕ್ಕೆ ಅತಿ ಹೆಚ್ಚಿನ ರಕ್ಷಣೆ ಇದೆ.

ಮೊದಲು ಕೇಳಿದವರು: ಮೇಡಂ, ಇವತ್ತು ಮತ್ತೆ ಸಂತೆಗೆ ಹೋಗಿದ್ದೆ. ಕಾಗದ ಕೇಳಿದ್ದಕ್ಕೆ ‘ಹಳೇ ಸಂಗ್ರಹ’ ಅಂದರು, ಬೇರೇನೂ ಹೇಳಲಿಲ್ಲ. ಕೊಳ್ಳಲಿಲ್ಲ. ಮಗ ಅತ್ತುಬಿಟ್ಟ. ನಾವೇ ಗುಹೆಗೆ ಹೋಗಿ ಹುಡುಕಬಹುದಾ ಅಂತ ಕೇಳುತ್ತಿದ್ದಾನೆ.

ಉತ್ತರ: ಪಾಪ, ಅವನಿಗೆ ಬೇಜಾರಾಗುವುದು ಸಹಜ. ಅಗೆಯುವುದು ಬೇಡ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಬಾವಲಿಗಳು ಮಲಗುವ ಗುಹೆಗಳಿಗೆ ಕಾಲಿಡುವುದಕ್ಕೂ ಜರ್ಮನಿಯಲ್ಲಿ ನಿಷೇಧವಿದೆ. ಆದರೆ ನೀವಿರುವುದು ಗುಹೆ ಕರಡಿಯ ತವರಿನಲ್ಲೇ! ನಿಮ್ಮ ಊರಿನ ಉತ್ತರ ದಿಕ್ಕಿಗೆ ಫ್ರಾಂಕೋನಿಯಾ ಪ್ರದೇಶದ ಸುಣ್ಣಕಲ್ಲಿನ ಬೆಟ್ಟಗಳಿವೆ. ಅಲ್ಲಿನ ಗೈಲೆನ್‌ರಾಯ್ಟ್ ಗುಹೆಯ ಮೂಳೆಗಳ ಬಗ್ಗೆ 1774ರಲ್ಲಿ ಎಸ್ಪರ್ ಅನ್ನುವ ಪಾದ್ರಿ ಬರೆದರು. 1794ರಲ್ಲಿ ಅಂಗರಚನಾ ವಿಜ್ಞಾನಿ ರೋಸೆನ್‌ಮ್ಯೂಲರ್ ಅಲ್ಲಿನ ಬುರುಡೆ ನೋಡಿ ಇದು ಬೇರೆಯೇ ಜಾತಿ ಅಂತ ಹೇಳಿ ‘ಉರ್ಸಸ್ ಸ್ಪೆಲಿಯಸ್’ ಎಂದು ಹೆಸರಿಟ್ಟರು. ಅದೇ ಬೆಟ್ಟಸಾಲಿನ ಪೊಟೆನ್‌ಸ್ಟೈನ್‌ನಲ್ಲಿ ಟಾಯ್ಫೆಲ್ಸ್ ಗುಹೆ ಇದೆ, ಟಿಕೆಟ್ ತಗೊಂಡು ಒಳಗೆ ಹೋಗಬಹುದು. ಅಲ್ಲಿ ಗುಹೆ ಕರಡಿಯ ಇಡೀ ಅಸ್ಥಿಪಂಜರ ನಿಲ್ಲಿಸಿದ್ದಾರೆ.

ಮಗನಿಗೆ ಒಂದು ಕೆಲಸ ಕೊಡಿ. ಬುರುಡೆಯನ್ನು ಪಕ್ಕದಿಂದ ನೋಡಲಿ, ಮೂಗಿನ ಮೇಲಿಂದ ಹಣೆ ಗಕ್ಕನೆ ಏರುತ್ತದೆ. ಕೋರೆಹಲ್ಲಿನ ಹಿಂದೆ ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿರಬೇಕಾದ ಸಣ್ಣ ಹಲ್ಲುಗಳು ಈ ಜಾತಿಗೆ ಇರಲಿಲ್ಲ. ಆಮೇಲೆ ಅಗಲವಾದ, ಉಬ್ಬು ಉಬ್ಬಾದ ದವಡೆ ಹಲ್ಲು, ಸೊಪ್ಪು ಅರೆಯುವುದಕ್ಕೆ. ಚಿತ್ರ ಬಿಡಿಸಿಕೊಂಡು ಬರಲಿ.

ಮೊದಲು ಕೇಳಿದವರು: ಹೋಗಿಬರುತ್ತೇವೆ ಮೇಡಂ. ಅವನ ಇನ್ನೊಂದು ಪ್ರಶ್ನೆ: ಕರಡಿಗೆ ಎಷ್ಟು ವರ್ಷ ಆಗಿತ್ತು ಅಂತ ಹಲ್ಲಿನಿಂದ ಗೊತ್ತಾಗುತ್ತಾ?

ಉತ್ತರ: ಗೊತ್ತಾಗುತ್ತದೆ! ಬೇರಿನ ಹೊರಗೆ ವರ್ಷಕ್ಕೊಂದು ತೆಳು ಪದರ ಕೂರುತ್ತದೆ, ಮರದ ಉಂಗುರದ ಹಾಗೆ. ಬೇರನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತೇವೆ. ಮರಿಯ ಹಲ್ಲಾದರೆ ಸೀಳುವುದೇ ಬೇಡ: ಬೇರಿನ ತುದಿ ಇನ್ನೂ ಮುಚ್ಚಿರುವುದಿಲ್ಲ, ಒಳಗೆ ಟೊಳ್ಳು. ಚಿತ್ರ ಬಿಡಿಸಿದ ಮೇಲೆ ಇಲ್ಲೇ ಹಾಕಲು ಹೇಳಿ, ನಾನು ನೋಡಬೇಕು.