ಶಾಲೆಯ ರೇಟಿಂಗ್ ಇಳಿದಿದೆ, ಮನೆ ಬದಲಾಯಿಸಬೇಕಾ?

ಪ್ರಶ್ನೆ (ಇಬ್ಬರು ಮಕ್ಕಳ ತಾಯಿ):
ಮೇಡಂ, ನಾವಿರುವುದು ಷಿಕಾಗೋ ಪಕ್ಕದ ಒಂದು ಸಬರ್ಬ್‌ನಲ್ಲಿ. ಮಗ 5ನೇ ಕ್ಲಾಸು, ಮಗಳು 2ನೇ ಕ್ಲಾಸು. ಇಲ್ಲಿ ಮನೆ ಎಲ್ಲಿದೆ ಅನ್ನುವುದರ ಮೇಲೆ ಪಬ್ಲಿಕ್ ಶಾಲೆ (ಸರ್ಕಾರಿ ಶಾಲೆ) ನಿಗದಿಯಾಗುತ್ತದಲ್ಲ, ಆರು ವರ್ಷದ ಹಿಂದೆ ಶಾಲೆ ನೋಡಿಯೇ ಈ ಮನೆ ತಗೊಂಡೆವು. ಆಗ ಶಾಲೆಯ ಆನ್‌ಲೈನ್ ರೇಟಿಂಗ್ 10ಕ್ಕೆ 9 ಇತ್ತು, ಈಗ 6. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಸಂಖ್ಯೆ ಜಾಸ್ತಿಯಾಗಿದೆ. ಪರಿಚಯದ ಎರಡು ಮನೆಯವರು ಆಗಲೇ ಮಾರಿ ಹೋದರು. ನಮ್ಮನೆಯವರು ಇನ್ನೂ ದೂರದ ಹೊಸ ಬಡಾವಣೆಗೆ ಹೋಗೋಣ ಅನ್ನುತ್ತಿದ್ದಾರೆ. ಏಜೆಂಟ್ ಹತ್ತಿರ "ಯಾವ ಶಾಲೆ ಒಳ್ಳೆಯದು" ಅಂತ ಕೇಳಿದರೆ ಮಾತು ತೇಲಿಸುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ (ಪಬ್ಲಿಕ್ ಶಾಲೆಯಲ್ಲಿ ಕೌನ್ಸೆಲರ್):
ನಿದ್ದೆ ಕೆಡುವಂಥ ವಿಷಯವೇ. ಮನೆ ಅಂದರೆ ಸಾಲ, ಆಫೀಸಿನ ಓಡಾಟ, ಮಕ್ಕಳ ಸ್ನೇಹಿತರು, ಎಲ್ಲ ಸೇರಿದ್ದು. ಅದಕ್ಕೇ ಒಂದು ಅಂಕೆ ನೋಡಿ ತೀರ್ಮಾನ ಮಾಡಬೇಡಿ.

ಆ ರೇಟಿಂಗ್‌ನ ದೊಡ್ಡ ಪಾಲು ಬರುವುದು ಟೆಸ್ಟ್ ಅಂಕಗಳಿಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಶಾನ್ ರಿಯರ್ಡನ್ ದೇಶದ ಸಾವಿರಾರು ಸ್ಕೂಲ್ ಡಿಸ್ಟ್ರಿಕ್ಟ್‌ಗಳ (ಒಂದೊಂದು ಪ್ರದೇಶದ ಪಬ್ಲಿಕ್ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು) ಟೆಸ್ಟ್ ಅಂಕಗಳನ್ನು ಜೋಡಿಸಿ ನೋಡಿದ್ದಾರೆ. ಸರಾಸರಿ ಅಂಕ ಅಪ್ಪ ಅಮ್ಮನ ಆದಾಯದ ಜೊತೆಜೊತೆಗೇ ಹೋಗುತ್ತದೆ. ಆದರೆ ಮಕ್ಕಳು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋಗುತ್ತಾರೆ ಅನ್ನುವುದಕ್ಕೂ ಆದಾಯಕ್ಕೂ ನಂಟು ತುಂಬ ಸಡಿಲ. ನಮ್ಮ ಪಕ್ಕದ ಷಿಕಾಗೋ ನಗರವನ್ನೇ ತಗೊಳ್ಳಿ. 2009ರಿಂದ 2014ರ ಅವಧಿಯಲ್ಲಿ ಅಲ್ಲಿನ ಮಕ್ಕಳು 3ನೇ ಕ್ಲಾಸಿನಿಂದ 8ನೇ ಕ್ಲಾಸಿಗೆ ಬರುವ 5 ವರ್ಷದಲ್ಲಿ 6 ವರ್ಷದಷ್ಟು ಕಲಿತರು. ನಮ್ಮವರು "ಸಿಟಿ ಶಾಲೆ" ಅಂದ ತಕ್ಷಣ ಬೇಡ ಅನ್ನುತ್ತೇವೆ, ಅಲ್ವಾ?

ಅಂದರೆ 9 ಇದ್ದದ್ದು 6 ಆಗಿರುವುದು ಪಾಠ ಕೆಟ್ಟಿದ್ದಕ್ಕೂ ಇರಬಹುದು, ಊರಿಗೆ ಬಂದ ಜನ ಬದಲಾಗಿದ್ದಕ್ಕೂ ಇರಬಹುದು. ಯಾವುದು ಅಂತ ತಿಳಿಯಲು ನಮ್ಮ ರಾಜ್ಯದ ಶಾಲೆಗಳ ಮಾಹಿತಿ ಕೊಡುವ ಇಲಿನಾಯ್ ರಿಪೋರ್ಟ್ ಕಾರ್ಡ್ ಸೈಟ್ ತೆಗೆದು ನಿಮ್ಮ ಶಾಲೆಯ ಹೆಸರು ಹಾಕಿ. ಮೊದಲು ಗ್ರೋತ್ ಪರ್ಸೆಂಟೈಲ್ ನೋಡಿ. ಒಂದೇ ಮಟ್ಟದಲ್ಲಿ ಶುರು ಮಾಡಿದ ಮಕ್ಕಳ ಪೈಕಿ ನಿಮ್ಮ ಶಾಲೆಯ ಮಕ್ಕಳು ಎಷ್ಟು ಮುಂದೆ ಬಂದರು ಅಂತ ಅದು ಹೇಳುತ್ತದೆ. 50ರ ಆಸುಪಾಸು ಇದ್ದರೆ ಸಾಧಾರಣ, ಅದಕ್ಕಿಂತ ಚೆನ್ನಾಗಿ ಮೇಲಿದ್ದರೆ ಒಳ್ಳೆಯ ಪಾಠ ನಡೆಯುತ್ತಿದೆ. ಆಮೇಲೆ ಎಷ್ಟು ಟೀಚರ್‌ಗಳು ಅಲ್ಲೇ ಉಳಿದಿದ್ದಾರೆ ಅನ್ನುವುದನ್ನು ನೋಡಿ. ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಆ ಸಂಖ್ಯೆಯ ಮೇಲೆ. ಒಳ್ಳೆಯ ಟೀಚರ್‌ಗಳು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರೆ ಒಳಗೆ ಏನೋ ಸರಿಯಿಲ್ಲ ಅಂತಲೇ ಲೆಕ್ಕ.

ಇನ್ನು ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು. ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಮಕ್ಕಳನ್ನು ಸೇರಿಸುವಾಗ "ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ" ಅನ್ನುವ ಫಾರ್ಮ್‌ನಲ್ಲಿ ಏನು ಬರೆದಿರಿ?

ಪ್ರಶ್ನೆ ಕೇಳಿದವರು:
ಕನ್ನಡ ಅಂತ ಬರೆದೆವು. ಮಗಳಿಗೆ ಏನೋ ಇಂಗ್ಲಿಷ್ ಟೆಸ್ಟ್ ಮಾಡಿದರು. ಕಿಂಡರ್‌ಗಾರ್ಟನ್‌ನಲ್ಲಿ ದಿನಾ ಅರ್ಧ ಗಂಟೆ ಬೇರೆ ಟೀಚರ್ ಹತ್ತಿರ ಹೋಗುತ್ತಿದ್ದಳು. ಈಗ ಅದು ಇಲ್ಲ.

ಉತ್ತರ:
ಹಾಗಾದರೆ ಆ ವರ್ಷ ಆ ಸಂಖ್ಯೆಯಲ್ಲಿ ನಿಮ್ಮ ಮಗಳೂ ಇದ್ದಳು. ನಮ್ಮ ಎಷ್ಟೋ ಮನೆಗಳ ಮಕ್ಕಳು ಹೀಗೆ ಒಂದೆರಡು ವರ್ಷ ಆ ಪಟ್ಟಿಯಲ್ಲಿದ್ದು ಹೊರಗೆ ಬರುತ್ತಾರೆ. ಅವಳಿಗೆ ಸಿಕ್ಕ ಆ ಅರ್ಧ ಗಂಟೆಯ ಹಿಂದೆ ದೊಡ್ಡ ಹೋರಾಟವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಕುಟುಂಬಗಳು ಕೋರ್ಟಿಗೆ ಹೋಗಿದ್ದವು. ಇಂಗ್ಲಿಷ್ ಬರದ ಮಗುವನ್ನು ಸುಮ್ನೆ ಕ್ಲಾಸಿನಲ್ಲಿ ಕೂರಿಸಿದರೆ ಸಾಲದು, ಕಲಿಯಲು ನೆರವು ಕೊಡಬೇಕು ಅಂತ 1974ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹೊಸದಾಗಿ ಬಂದ ಮಕ್ಕಳನ್ನು ನೋಡಿ ಓಡಬೇಡಿ ಅಂತ ನಾನು ಕಳಕಳಿಯಿಂದ ಕೇಳುತ್ತೇನೆ. ನೋಡಬೇಕಾದದ್ದು ಬೇರೆ. ಆ ಮಕ್ಕಳಿಗೆ ಸಾಕಷ್ಟು ಟೀಚರ್‌ಗಳು ಇದ್ದಾರಾ, ಅಥವಾ ಎಲ್ಲ ಭಾರ ಕ್ಲಾಸ್ ಟೀಚರ್ ಮೇಲೇ ಬಿದ್ದಿದೆಯಾ? ಪ್ರಿನ್ಸಿಪಾಲರನ್ನು ನೇರವಾಗಿ ಕೇಳಿ.

ಏಜೆಂಟ್ ಮಾತು ತೇಲಿಸುವುದಕ್ಕೂ ಕಾರಣವಿದೆ. 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ಬಣ್ಣ, ಧರ್ಮ, ಮೂಲ ದೇಶ ನೋಡಿ ಜನರನ್ನು ಒಂದು ಕಡೆಗೆ ತಳ್ಳುವಂತಿಲ್ಲ. "ಆ ಶಾಲೆ ಒಳ್ಳೆಯದಲ್ಲ" ಅನ್ನುವ ಮಾತು ಎಷ್ಟೋ ಸಲ "ಅಲ್ಲಿ ಇಂಥವರು ಇದ್ದಾರೆ" ಅಂತಲೇ ಆಗಿಬಿಡುತ್ತದೆ. ಅದಕ್ಕೇ ಅವರು ಬಾಯಿ ಬಿಡುವುದಿಲ್ಲ.

ಇನ್ನೊಬ್ಬರು:
ಮೇಡಂ, ನಾವು ಬಾಡಿಗೆಗೆ ಇದ್ದೇವೆ, ನೇಪರ್‌ವಿಲ್ ಕಡೆ ಮನೆ ಹುಡುಕುತ್ತಿದ್ದೇವೆ. ಶಾಲೆ ಗ್ಯಾರಂಟಿ ಅಂತ ಹೇಗೆ ತಿಳಿಯುವುದು?

ಉತ್ತರ:
ಇವತ್ತಿನ ಶಾಲೆ ಯಾವುದು ಅಂತ ತಿಳಿಯಬಹುದು, ಐದು ವರ್ಷದ ನಂತರದ್ದು ಯಾರೂ ಗ್ಯಾರಂಟಿ ಕೊಡಲಾರರು. ಊರಿನ ಹೆಸರು ನೋಡಿ ಮಾತ್ರ ಹೋಗಬೇಡಿ. ನೇಪರ್‌ವಿಲ್‌ನಲ್ಲೇ ಕೆಲವು ಮನೆ 203ನೇ ಡಿಸ್ಟ್ರಿಕ್ಟ್‌ಗೆ, ಕೆಲವು 204ಕ್ಕೆ ಸೇರುತ್ತವೆ. ಬೇರೆ ಎಷ್ಟೋ ಸಬರ್ಬ್‌ಗಳಲ್ಲಿ 8ನೇ ಕ್ಲಾಸಿನವರೆಗೆ ಒಂದು ಡಿಸ್ಟ್ರಿಕ್ಟ್, ಹೈಸ್ಕೂಲಿಗೆ ಇನ್ನೊಂದು. ಮನೆ ಮಾರುವ ಸೈಟಿನಲ್ಲಿ ಬರೆದದ್ದನ್ನು ನಂಬದೆ, ಮನೆ ನಂಬರ್ ಹೇಳಿ ಡಿಸ್ಟ್ರಿಕ್ಟ್ ಆಫೀಸಿಗೇ ಫೋನ್ ಮಾಡಿ.

ಯಾವ ಮನೆಗೆ ಯಾವ ಶಾಲೆ ಅನ್ನುವ ಗಡಿ ಬದಲಾಗುವ ಸಾಧ್ಯತೆಯೂ ಇದೆ. ಅಮೆರಿಕದಲ್ಲಿ 2007ರಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದ್ದರು, 2023ರಲ್ಲಿ ಸುಮಾರು 36 ಲಕ್ಷ. ಹಳೇ ಬಡಾವಣೆಗಳಲ್ಲಿ ಮಕ್ಕಳು ಬೆಳೆದು ಹೋದರೂ ಅಪ್ಪ ಅಮ್ಮ ಅದೇ ಮನೆಯಲ್ಲಿರುತ್ತಾರೆ. ಅಲ್ಲಿ ಶಾಲೆ ಖಾಲಿ, ಹೊಸ ಬಡಾವಣೆಯಲ್ಲಿ ಶಾಲೆ ತುಂಬಿ ತುಳುಕುತ್ತಿರುತ್ತದೆ. ಆಗ ಡಿಸ್ಟ್ರಿಕ್ಟ್‌ನ ಶಾಲಾ ಬೋರ್ಡು ಆ ಗಡಿಯ ಗೆರೆ ಬದಲಾಯಿಸುತ್ತದೆ. ಎರಡು ಗಡಿಗಳ ಅಂಚಿನಲ್ಲಿರುವ ಮನೆಗೆ ಈ ಅಪಾಯ ಜಾಸ್ತಿ. ಬೋರ್ಡಿನ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಕೊಳ್ಳುವ ಮೊದಲು ಹಿಂದಿನ ಸಭೆಗಳ ನಡಾವಳಿಯನ್ನಾದರೂ ಓದಿ.

ಪ್ರಶ್ನೆ ಕೇಳಿದವರು:
ಮೇಡಂ, ಈಗಷ್ಟೇ ರಿಪೋರ್ಟ್ ಕಾರ್ಡ್ ನೋಡಿದೆ. ಗ್ರೋತ್ ಗಣಿತದಲ್ಲಿ 58, ಇಂಗ್ಲಿಷ್‌ನಲ್ಲಿ 54. ಟೀಚರ್‌ಗಳು ನೂರಕ್ಕೆ 91 ಜನ ಉಳಿದಿದ್ದಾರೆ. ಆದರೂ ಮಗನ ಗಣಿತದ್ದೇ ಯೋಚನೆ. ಕ್ಲಾಸಿನಲ್ಲಿ ಬೋರ್ ಅನ್ನುತ್ತಾನೆ.

ಉತ್ತರ:
ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಸಂಖ್ಯೆ ನೋಡಿ ಮನೆ ಮಾರುತ್ತಿರಲಿಲ್ಲ. ಮಗನ ವಿಷಯಕ್ಕೆ ಬೇರೆ ದಾರಿ ಇದೆ. ಇಲಿನಾಯ್‌ನಲ್ಲಿ 2018ರಿಂದ ಆಕ್ಸಿಲರೇಟೆಡ್ ಪ್ಲೇಸ್‌ಮೆಂಟ್ ಕಾಯ್ದೆ ಇದೆ. ಒಂದೇ ವಿಷಯದಲ್ಲಿ ಮೇಲಿನ ಕ್ಲಾಸಿನ ಪಾಠಕ್ಕೆ ಮಗುವನ್ನು ಕಳಿಸುವುದಕ್ಕೂ ಪ್ರತಿ ಡಿಸ್ಟ್ರಿಕ್ಟ್ ನಿಯಮ ಇಟ್ಟುಕೊಂಡಿರಬೇಕು. ಪೋಷಕರೇ ಕೇಳಬಹುದು. ಈಮೇಲ್‌ನಲ್ಲಿ ಬರೆದು ಕೇಳಿ, ಬಾಯಿಮಾತಲ್ಲಿ ಬೇಡ.

ಅಕಸ್ಮಾತ್ ಮುಂದೆ ಹೋಗಲೇಬೇಕು ಅಂತಾದರೆ, ಮಗ ಮಿಡ್ಲ್ ಸ್ಕೂಲ್ ಶುರು ಮಾಡುವ ಹೊತ್ತಿಗೇ ಹೋಗಿ. ಆಗ ಎಲ್ಲ ಮಕ್ಕಳೂ ಹೊಸಬರೇ. 7ನೇ ಕ್ಲಾಸಿನ ಮಧ್ಯೆ ಬಂದ ಮಕ್ಕಳು ಊಟದ ಹೊತ್ತಿಗೆ ಯಾರ ಪಕ್ಕ ಕೂರುವುದು ಅಂತ ತಿಳಿಯದೆ ನನ್ನ ರೂಮಿಗೆ ಬಂದು ಕೂರುತ್ತಾರೆ. ಅದನ್ನು ನೋಡಿ ನನಗೆ ತುಂಬ ಸಂಕಟವಾಗಿದೆ.

ಪ್ರಶ್ನೆ ಕೇಳಿದವರು:
ಇವತ್ತೇ ಗಣಿತದ ಬಗ್ಗೆ ಈಮೇಲ್ ಬರೆಯುತ್ತೇನೆ ಮೇಡಂ. ನಮ್ಮನೆಯವರಿಗೂ ಈ ಸಂಖ್ಯೆಗಳನ್ನು ತೋರಿಸುತ್ತೇನೆ.

ಉತ್ತರ:
ಉತ್ತರ ಬಂದ ಮೇಲೆ ಇಲ್ಲೇ ಹಾಕಿ. ಅವರು ಯಾವ ಟೆಸ್ಟ್ ಹೇಳುತ್ತಾರೋ ನೋಡಿ ಮುಂದಿನದು ಮಾತಾಡೋಣ.