ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್: ಮಂಡಿ ನೋವಿರುವ ಅಪ್ಪನನ್ನು ಕರೆದೊಯ್ಯಬಹುದೇ?

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ):
ಶಿವಮೊಗ್ಗದಿಂದ ಅಪ್ಪ ಬಂದಿದ್ದಾರೆ. ನ್ಯೂಯಾರ್ಕಿನ ಒಳಾಂಗಣ ಕ್ರೀಡಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕ್ಸ್ ತಂಡದ ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಲೇಬೇಕೆಂದು ಮಗನ ಹಟ. ಹಿಂದಿನ ರಾತ್ರಿ ಅದೇ ಅಂಕಣದಲ್ಲಿ ಐಸ್ ಹಾಕಿ ಪಂದ್ಯ ಇದೆ. ಅಷ್ಟರೊಳಗೆ ಮಂಜುಗಡ್ಡೆ ಕರಗಿಸಿ ಒಣಗಿಸುತ್ತಾರೆಯೇ? ಒಳಗೆ ಚಳಿ ಇರುತ್ತದೆಯೇ? ‘ಗಾರ್ಡನ್ ಎಂದ ಮೇಲೆ ಕೂರಲು ಕಲ್ಲುಬೆಂಚು ಇದ್ದೇ ಇರುತ್ತದೆ’ ಎಂದು ಅಪ್ಪ ನಿಶ್ಚಿಂತರಾಗಿದ್ದಾರೆ.

ಉತ್ತರ 1:
ಹೆಸರನ್ನು ನಂಬಬೇಡಿ, ಅಲ್ಲಿ ಒಂದು ಗರಿಕೆಯೂ ಇಲ್ಲ. 1879ರಲ್ಲಿ ಮ್ಯಾಡಿಸನ್ ಚೌಕದ ಬಳಿ ಇದ್ದ ಮೊದಲ ಕಟ್ಟಡದ ಹೆಸರೇ ಅಂಟಿಕೊಂಡು ಬಂದಿದೆ. ಈಗಿನದು ನಾಲ್ಕನೆಯದು, 1968ರದು.

ಮಂಜುಗಡ್ಡೆಯನ್ನು ಕರಗಿಸುವುದಿಲ್ಲ. ಅದರ ಮೇಲೆ ಶಾಖ ತಡೆಯುವ ಹಲಗೆ, ಆ ಹಲಗೆಯ ಮೇಲೆ ಮರದ ಅಂಕಣ. ಒಮ್ಮೆ ಪಂದ್ಯ ಮುಗಿದ ಮೇಲೆ ಬೇಕೆಂದೇ ಶೂ ದಾರ ಕಟ್ಟುತ್ತಾ ಕುಳಿತುಬಿಟ್ಟೆ. ನಮ್ಮೂರ ಪೇಟೆಯಲ್ಲಿ ಹಳೆಯ ಅಂಗಡಿಗಳ ಹಲಗೆ ಬಾಗಿಲನ್ನು ಒಂದೊಂದಾಗಿ ಕಳಚುತ್ತಿದ್ದರಲ್ಲ, ಹಾಗೆಯೇ ಕೆಲಸಗಾರರು ಅಂಕಣದ ತುಂಡುಗಳನ್ನು ಬಿಡಿಸಿ ಗಾಡಿಗೆ ಪೇರಿಸುತ್ತಿದ್ದರು. ನನಗೆ ಆಟಕ್ಕಿಂತ ಅದೇ ಹಿಡಿಸಿತು. ಕಾವಲಿನವನು ಬಂದು ಎಬ್ಬಿಸಿದ, ಬಿಡಿ. ಒಂದು ಸ್ವೆಟರ್ ಸಾಕು.

ಮಂಡಿಯ ವಿಷಯವೇ ಮುಖ್ಯ. ನಿಮ್ಮ ರೈಲು ಬಂದು ನಿಲ್ಲುವ ಪೆನ್ ನಿಲ್ದಾಣ ಈ ಕಟ್ಟಡದ ನೇರ ಕೆಳಗಿದೆ. ಭವ್ಯವಾಗಿದ್ದ ಹಳೆಯ ನಿಲ್ದಾಣವನ್ನು 1963ರಿಂದ ಕೆಡವಿ ಅದರ ತಲೆಯ ಮೇಲೆ ಇದನ್ನು ಕೂರಿಸಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದರೆ ಆಟದ ಅಂಕಣ ಇರುವುದು ಬೀದಿಯ ಮಟ್ಟದಲ್ಲಲ್ಲ, ಐದನೆಯ ಮಹಡಿಯಲ್ಲಿ. ಬಾಗಿಲಲ್ಲೇ ಲಿಫ್ಟ್ ಕೇಳಿ. ಮೇಲಿನ ಆಸನಗಳ ಮೆಟ್ಟಿಲು ಕಡಿದು. ದುಡ್ಡು ಸ್ವಲ್ಪ ಹೆಚ್ಚಾದರೂ ಕೆಳಗಿನ ಹಂತದಲ್ಲಿ ಸಾಲಿನ ತುದಿಯ ಕುರ್ಚಿ ಹಿಡಿಯಿರಿ.

ಉತ್ತರ 2:
ಅಪ್ಪನಿಗೆ ಸಂಗೀತದ ಒಲವಿದ್ದರೆ ಇದನ್ನೂ ಹೇಳಿ. 1971ರ ಆಗಸ್ಟ್ 1ರಂದು ಬಾಂಗ್ಲಾ ನಿರಾಶ್ರಿತರಿಗಾಗಿ ಬೀಟಲ್ಸ್ ಖ್ಯಾತಿಯ ಗಾಯಕ ಜಾರ್ಜ್ ಹ್ಯಾರಿಸನ್ ಜೊತೆ ರವಿಶಂಕರ್ ಇಲ್ಲೇ ಕಛೇರಿ ನಡೆಸಿದ್ದು. ಸಿತಾರ್ ಶ್ರುತಿ ಮಾಡಿಕೊಳ್ಳುತ್ತಿದ್ದಾಗಲೇ ಸಭೆ ಚಪ್ಪಾಳೆ ತಟ್ಟಿಬಿಟ್ಟಿತ್ತು!

ಪ್ರಶ್ನೆ ಕೇಳಿದವರು:
ಓದಿ ಹೇಳಿದೆ. ಅಪ್ಪ ಬೆಂಚಿನ ಮಾತು ಬಿಟ್ಟರು. ‘ಸರೋದ್‌ಗೆ ಅಲಿ ಅಕ್ಬರ್ ಖಾನ್ ಇದ್ದರಲ್ಲವೇ?’ ಎಂದರು. ಮೂರು ಟಿಕೆಟ್ ತೆಗೆದೆ, ಸಾಲಿನ ತುದಿಯಲ್ಲೇ.